ಪುಸ್ತಕ ಯಾರ ಕೈಲಿ? ನಮ್ಮ ಕಡೆಯ ದುಡ್ಡಿನ ಪಾಠಗಳ ಚರಿತ್ರೆ

ಭಾಗ 1

ಬೇಲೂರು, ಹಳೇಬೀಡು ಅಂದ ತಕ್ಷಣ ಎಲ್ಲರ ಪೇಜಲ್ಲೂ ಶಿಲಾಬಾಲಿಕೆ ಫೋಟೋನೇ. 2023ರ ಸೆಪ್ಟೆಂಬರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಕೇಳೋದೇ ಬೇಡ. ಈ ಸರಣಿಯಲ್ಲಿ ಆ ಫೋಟೋ ಇಲ್ಲ. ಮೇಲೆ ಹಾಕಿರೋದು ಒಂದು ಮಾಮೂಲಿ ಉದ್ದ ಪುಸ್ತಕದ ಪುಟ. ಸ್ಕೇಲಿಟ್ಟು ಎಳೆದ ಗೆರೆ, ಎಡಗಡೆ ಹೆಸರು (ಮುಚ್ಚಿದ್ದೀನಿ), ಬಲಗಡೆ ವಾರವಾರದ ಹತ್ತು ರೂಪಾಯಿ, ಕೆಳಗೆ ಸಹಿ, ನಡುವೆ ಎರಡು ಕಡೆ ನೀಲಿ ಹೆಬ್ಬೆಟ್ಟು. ಒಂದು ಮಹಿಳಾ ಸಂಘದ ಉಳಿತಾಯ ಪುಸ್ತಕ ಇದು.

ನಾವು ಇತಿಹಾಸ ಅಂತ ಓದೋದು ಶಾಸನ, ಯುದ್ಧ, ರಾಜರ ಇಸವಿ. ಆದ್ರೆ ನಮ್ಮ ಅಮ್ಮಂದಿರು, ಅಜ್ಜಿಯರು ಲೆಕ್ಕ ಕಲಿತಿದ್ದು ಎಲ್ಲಿ ಅಂತ ಕೇಳಿದ್ರೆ ಬಹಳ ಮನೆಗಳಲ್ಲಿ ಉತ್ತರ ಶಾಲೆ ಅಲ್ಲ. ಅಂಗನವಾಡಿ ಜಗಲಿ, ದೇವಸ್ಥಾನದ ಕಟ್ಟೆ, ಯಾರದೋ ಮನೆ ಪಡಸಾಲೆ.

ಈಗ ಪಂಚಾಯ್ತಿ ಹಾಲಲ್ಲಿ "ಆರ್ಥಿಕ ಸಾಕ್ಷರತಾ ಶಿಬಿರ" ಅಂತ ಬ್ಯಾನರ್ ಕಟ್ಟಿರೋದನ್ನ ನೀವೂ ನೋಡಿರ್ತೀರ. ಮನೆ ಬಜೆಟ್ ಹಾಕೋದು ಹೇಗೆ, ಉಳಿತಾಯ ಖಾತೆ, ವಿಮೆ, ಓಟಿಪಿ ಯಾರಿಗೂ ಹೇಳ್ಬೇಡಿ, ಇಷ್ಟು ವಿಷಯ. ಆರ್‌ಬಿಐ 2017ರಲ್ಲಿ ಆರ್ಥಿಕ ಸಾಕ್ಷರತಾ ಕೇಂದ್ರಗಳ ಯೋಜನೆಯನ್ನ ಪ್ರಯೋಗ ಅಂತ ಶುರು ಮಾಡ್ತು. ಆಮೇಲೆ ಅದನ್ನ ದೇಶಕ್ಕೆಲ್ಲ ಹಬ್ಬಿಸೋ ತೀರ್ಮಾನ ಆಯ್ತು, ಸುಮಾರು ಮೂರು ಬ್ಲಾಕಿಗೆ ಒಂದು ಕೇಂದ್ರ ಅನ್ನೋ ಲೆಕ್ಕದಲ್ಲಿ. ಪೇಪರಲ್ಲಿ ಬರೋದನ್ನ ಓದಿದ್ರೆ ದುಡ್ಡಿನ ಪಾಠ ಅನ್ನೋದು ಈಗ ತಾನೆ ಮೇಲಿಂದ ಇಳಿದು ಬಂದಂಗೆ ಅನ್ಸುತ್ತೆ. ಹಂಗೇನಿಲ್ಲ. ಅದರಲ್ಲಿ ಒಂದು ದೊಡ್ಡ ಅಧ್ಯಾಯ ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ಹುಟ್ಟಿದ್ದು, ಅದೂ ಒಂದು ಸೋಲಿನಿಂದ.

ಭಾಗ 2

ಸರಿ, ಕಲ್ಲಿನ ವಿಷಯ ಪೂರ್ತಿ ಬಿಡೋಕಾಗಲ್ಲ. ಒಂದು ಭಾಗ ಅದಕ್ಕೇ.

ನಾವು ದಿನಾ ಬಾಯಲ್ಲಿ ಆಡೋ "ಹಣ" ಅನ್ನೋ ಪದ ಮೊದಲು ಒಂದು ನಾಣ್ಯದ ಹೆಸರು. ಪಣ ಅನ್ನೋದು ಹಣ ಆಯ್ತು, ಹಾಲು ಪಾಲು ಇದ್ದಂಗೆ. ಹೊಯ್ಸಳರ ಕಾಲದಲ್ಲಿ ಗದ್ಯಾಣ ದೊಡ್ಡದು, ಪಣ ಚಿಕ್ಕದು, ಹಾಗ ಇನ್ನೂ ಚಿಕ್ಕದು. ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ "ಶ್ರೀ ತಲಕಾಡುಗೊಂಡ" ಅಂತ ಕನ್ನಡದಲ್ಲೇ ಇದೆ. ತಲಕಾಡು ಗೆದ್ದಿದ್ದನ್ನ ದುಡ್ಡಿನ ಮೇಲೇ ಸ್ಟೇಟಸ್ ಹಾಕಿದಂಗೆ!

ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನೆಲ್ಲ ಎಪಿಗ್ರಾಫಿಯಾ ಕರ್ನಾಟಿಕದ ಐದನೇ ಸಂಪುಟದಲ್ಲಿ ತಾಲ್ಲೂಕುವಾರು ಪ್ರಕಟಿಸಿದ್ರು. ಲೈಬ್ರರಿಯಲ್ಲಿ ಸಿಕ್ಕಿದ್ರೆ ಬೇಲೂರು, ಅರಸೀಕೆರೆ ಭಾಗಗಳನ್ನ ತಿರುವಿ ಹಾಕಿ. ರಾಜನ ಹೊಗಳಿಕೆ ಸಾಲುಗಳನ್ನ ದಾಟಿ ಮುಂದೆ ಹೋದ್ರೆ ಬರೋದೆಲ್ಲ ಲೆಕ್ಕ. ಯಾರು ಕೊಟ್ರು, ಎಷ್ಟು ಭೂಮಿ, ಎಷ್ಟು ಗದ್ಯಾಣ, ಅದರ ಆದಾಯದಲ್ಲಿ ಯಾವ ದೀಪ ಉರೀಬೇಕು, ಯಾರಿಗೆ ಊಟ ಹಾಕ್ಬೇಕು, ಯಾರು ನೋಡ್ಕೋಬೇಕು. ಅಸಲನ್ನ ಮುಟ್ಟಬಾರದು, ಬಡ್ಡಿಯಲ್ಲಿ ಎಣ್ಣೆ ತರಬೇಕು ಅನ್ನೋ ತರದ ದತ್ತಿಗಳೂ ಆ ಕಾಲಕ್ಕೆ ಗೊತ್ತಿದ್ವು. ಕೊನೆಗೆ ಶಾಪ: ಇದನ್ನ ಕೆಡಿಸಿದವನಿಗೆ ಗಂಗೆ ದಡದಲ್ಲಿ ಹಸು ಕೊಂದ ಪಾಪ.

ಲೆಕ್ಕವನ್ನ ಊರವರು ಓಡಾಡೋ ಜಾಗದಲ್ಲಿ, ಊರಿನ ಭಾಷೇಲಿ, ಅಳಿಸೋಕಾಗದ ಹಂಗೆ ಬರೆದು ನಿಲ್ಲಿಸಿದ್ದು ನನಗೆ ಇಲ್ಲಿ ಮುಖ್ಯ ಅನ್ಸೋದು. ಹಂಗಂತ ಹೊಯ್ಸಳರ ಕಾಲದಲ್ಲಿ ಎಲ್ಲರಿಗೂ ಲೆಕ್ಕ ಗೊತ್ತಿತ್ತು ಅಂತ ರೀಲ್ಸ್ ಮಾಡ್ಬೇಡಿ. ಓದೋಕೆ ಬರ್ತಿದ್ದವರು ಕಮ್ಮಿ, ಕೊಡೋಕೆ ಗದ್ಯಾಣ ಇದ್ದವರು ಇನ್ನೂ ಕಮ್ಮಿ.

ಭಾಗ 3

ಇಲ್ಲಿಂದ ಏಳುನೂರು ವರ್ಷ ಹಾರ್ತೀನಿ, ಕ್ಷಮೆ ಇರಲಿ.

ಹಳ್ಳಿಮನೆಗಳಲ್ಲಿ ಲೆಕ್ಕದ ಪುಸ್ತಕ ಅಂತ ಇದ್ದಿದ್ರೆ ಅದು ಬಹುಮಟ್ಟಿಗೆ ಮುಯ್ಯಿ ಪುಸ್ತಕ. ಮದುವೇಲಿ ಯಾರು ಎಷ್ಟು ಓದಿಸಿದ್ರು ಅಂತ ಬರೆದಿಟ್ಟು, ಅವರ ಮನೆ ಮದುವೆಗೆ ಅಷ್ಟೋ ಸ್ವಲ್ಪ ಜಾಸ್ತಿನೋ ವಾಪಸ್ ಹಾಕೋದು. ಬಡ್ಡಿ ಇಲ್ಲದ ಸಾಲ ಅಂದ್ರೂ ಆಗುತ್ತೆ. ಕೆಲಸಕ್ಕೂ ಇದೇ ಪದ್ಧತಿ ಇತ್ತು, ಮುಯ್ಯಾಳು ಅಂತ. ಇದರ ಆಚೆಗೆ ದುಡ್ಡು ಬೇಕಾದ್ರೆ ಸಾಹುಕಾರನ ಅಂಗಡಿ. ಅಲ್ಲಿ ಪುಸ್ತಕ ಇತ್ತು, ಆದ್ರೆ ಅದು ಸಾಹುಕಾರನ ಕೈಲಿ.

1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿದ್ದು ಈ ಸಾಹುಕಾರನ ಸಾಲದ ಭಾರ ಇಳಿಸೋಕೆ. ಮರುವರ್ಷವೇ, 1905ರಲ್ಲಿ, ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ್ರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋರಿಗೆ ಇದು ಬಾಯಿಪಾಠ. ನಮ್ಮ ಮೈಸೂರು ಸಂಸ್ಥಾನವೂ ಅದೇ 1905ರಲ್ಲಿ ತನ್ನದೇ ಸಹಕಾರ ಕಾನೂನು ಮಾಡ್ತು.

ಇನ್ನೊಂದು ಕಡೆ ಉಡುಪಿ. 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಶುರು ಮಾಡಿದ್ರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿದ್ದು ಅದೇ. 1928ರಲ್ಲಿ ಅವರು ತಂದಿದ್ದು ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆ, ಏಜೆಂಟು ಮನೆ ಬಾಗಿಲಿಗೇ ಬಂದು ತಗೊಂಡು ಹೋಗ್ತಿದ್ದ. ಇವತ್ತಿಗೂ ಅರಸೀಕೆರೆ ಪೇಟೆಯ ಹೂವಿನಂಗಡಿ, ಟೀ ಅಂಗಡಿಯವರು ಪಿಗ್ಮಿ ಕಟ್ತಾರೆ. ಆ ಪದಕ್ಕೆ ಹತ್ತಿರ ಹತ್ತಿರ ನೂರು ವರ್ಷ ಅಂತ ಕಟ್ಟೋರಿಗೂ ಗೊತ್ತಿರಲ್ಲ.

ಎರಡೂ ಒಳ್ಳೇ ಕೆಲಸಗಳೇ. ಆದ್ರೆ ಪಿಗ್ಮಿಯಲ್ಲಿ ಲೆಕ್ಕ ಬ್ಯಾಂಕಿನದು. ಸಹಕಾರ ಸಂಘದಲ್ಲಿ ಲೆಕ್ಕ ಕಾರ್ಯದರ್ಶಿದು. ಸದಸ್ಯರು, ಅದ್ರಲ್ಲೂ ಜಮೀನಿಲ್ಲದ ಹೆಂಗಸರು, ಆ ಪುಸ್ತಕ ಮುಟ್ಟೋ ಕಾಲ ಇನ್ನೂ ಬಂದಿರಲಿಲ್ಲ.

ಭಾಗ 4

ಇಲ್ಲಿ ನಿಧಾನಕ್ಕೆ ಓದಿ. ನನಗೆ ಇಡೀ ಕಥೇಲಿ ಇಷ್ಟವಾದ ಭಾಗ ಇದು.

ಮೈರಾಡ ಅಂತ ಒಂದು ಸಂಸ್ಥೆ. 1968ರಲ್ಲಿ ಶುರುವಾಗಿದ್ದು ಟಿಬೆಟ್ ನಿರಾಶ್ರಿತರಿಗೆ ನಮ್ಮ ರಾಜ್ಯದಲ್ಲಿ ನೆಲೆ ಮಾಡಿಕೊಡೋಕೆ. ಆ ಕೆಲಸ ಮುಗೀತಾ ಬಂದ ಮೇಲೆ ಬಡ ಹಳ್ಳಿಗಳ ಕಡೆ ತಿರುಗಿದ್ರು: ಕೋಲಾರದ ಕಾಮಸಮುದ್ರ, ಚಿತ್ರದುರ್ಗದ ಹೊಳಲ್ಕೆರೆ, ಎಚ್.ಡಿ. ಕೋಟೆ, ಈ ತರದ ಜಾಗಗಳು. ಹೊಳಲ್ಕೆರೆ ಅಂದ್ರೆ ಅರಸೀಕೆರೆಯಿಂದ ಚಿತ್ರದುರ್ಗದ ರೈಲು ದಾರೀಲಿ ಸಿಗುತ್ತಲ್ಲ, ಅದೇ.

ಅಲ್ಲೆಲ್ಲ ಅವರು ಮೊದಲು ಕಟ್ಟಿದ್ದು ದೊಡ್ಡ ಸಹಕಾರ ಸಂಘಗಳನ್ನ, ಒಂದೊಂದರಲ್ಲಿ ನೂರಕ್ಕೂ ಮೇಲೆ ಜನ. 1984-85ರ ಹೊತ್ತಿಗೆ ಅವುಗಳಲ್ಲಿ ಕೆಲವು ಮುರಿದು ಬಿದ್ವು. ಅಧ್ಯಕ್ಷರ ಮೇಲೆ ಜನಕ್ಕೆ ನಂಬಿಕೆ ಇರಲಿಲ್ಲ, ದುಡ್ಡು ಎಲ್ಲಿ ಹೋಗ್ತಿದೆ ಅಂತ ಗೊತ್ತಾಗ್ತಿರಲಿಲ್ಲ. ಸಾಲ ತಗೊಂಡಿದ್ದವರು ಕೆಲವರು ಚಿಕ್ಕ ಚಿಕ್ಕ ಗುಂಪಾಗಿ ಮೈರಾಡದವರ ಹತ್ರ ಬಂದ್ರು. ಸಾಲ ತೀರಿಸ್ತೀವಿ, ಆದ್ರೆ ಆ ದೊಡ್ಡ ಸಂಘಕ್ಕೆ ಕೊಡಲ್ಲ, ನಿಮಗೆ ಕೊಡ್ತೀವಿ ಅನ್ನೋದು ಅವರ ಮಾತು.

ಸಾಲ ಮುಳುಗಿಸೋಕೆ ಒಳ್ಳೇ ನೆಪ ಸಿಕ್ಕಿದ್ದಾಗ ಜನ ದುಡ್ಡು ಹಿಡ್ಕೊಂಡು ಬಂದಿದ್ರು ಅನ್ನೋದನ್ನ ಗಮನಿಸಿ.

ಮೈರಾಡದವರು ಆ ದುಡ್ಡನ್ನ ತಗೊಳ್ಳಲಿಲ್ಲ. ನೀವು ಇಷ್ಟು ಜನ ಒಬ್ಬರನ್ನೊಬ್ಬರು ನಂಬಿ ಒಟ್ಟಿಗೆ ಬಂದಿದ್ದೀರಲ್ಲ, ನಿಮ್ಮ ನಿಮ್ಮೊಳಗೇ ಅದನ್ನ ಇಟ್ಕೊಂಡು ಸಾಲ ಕೊಟ್ಕೊಳ್ಳಿ ಅಂದ್ರು. ಆಮೇಲೆ ಆ ಗುಂಪುಗಳನ್ನ ಹತ್ತಿರದಿಂದ ನೋಡಿದಾಗ ಒಂದು ವಿಷಯ ಗೊತ್ತಾಯ್ತು. ಇವನ್ನ ಯಾರೂ ಪಟ್ಟಿ ಮಾಡಿ ಸೇರಿಸಿರಲಿಲ್ಲ. ಒಂದೇ ಕೇರಿ, ಒಂದೇ ಕೂಲಿ, ಕಷ್ಟಕ್ಕೆ ಸೇರು ಅಕ್ಕಿ ಕೊಟ್ಟು ತಗೊಂಡಿದ್ದ ಹಳೇ ಸಂಬಂಧ, ಇಂಥದ್ದರ ಮೇಲೆ ತಾವಾಗೇ ಕೂಡಿದ ಗುಂಪುಗಳು. ಮೈರಾಡದ ಅಲೋಷಿಯಸ್ ಫರ್ನಾಂಡಿಸ್ ಆಮೇಲೆ ಬರೆದಿದ್ದರಲ್ಲೆಲ್ಲ ಒತ್ತಿ ಹೇಳಿದ್ದು ಈ ಒಡನಾಟದ ವಿಷಯವನ್ನೇ. 1986-87ರ ಹೊತ್ತಿಗೆ ಇಂಥ ಸುಮಾರು 300 ಗುಂಪು ಆಗಿದ್ವು. ಆಗ ಅವುಗಳಿಗಿದ್ದ ಹೆಸರು ಸಾಲ ನಿರ್ವಹಣಾ ಗುಂಪು. ಉಳಿತಾಯ ಗುಂಪು ಅಲ್ಲ, ನೋಡಿ. ಉಳಿಸೋದು ಬಡವರಿಗೆ ಹೊಸದಾಗಿ ಕಲಿಸ್ಬೇಕಾದ್ದಲ್ಲ, ಸಾಸಿವೆ ಡಬ್ಬಿ ಎಲ್ಲರ ಮನೇಲೂ ಇತ್ತು. ಯಾರಿಗೆ, ಎಷ್ಟು, ಯಾವ ಬಡ್ಡಿಗೆ ಕೊಡ್ಬೇಕು ಅಂತ ಕೂತು ತೀರ್ಮಾನ ಮಾಡೋದು ಕಲೀಬೇಕಾಗಿತ್ತು.

ಅದಕ್ಕೇ ತರಬೇತಿ ಬಂತು. ಸಭೆ ನಡೆಸೋದು ಹೇಗೆ, ನಡಾವಳಿ ಬರೆಯೋದು ಹೇಗೆ, ನಗದು ಪುಸ್ತಕ ಅಂದ್ರೇನು, ಜಗಳ ಆದ್ರೆ ಏನು ಮಾಡ್ಬೇಕು, ತಪ್ಪಿದವರಿಗೆ ದಂಡ ಎಷ್ಟು. 1987ರಲ್ಲಿ ನಬಾರ್ಡ್ ಈ ಗುಂಪುಗಳಿಗಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಡ್ತು. 1992ರಲ್ಲಿ ದೇಶದಾದ್ಯಂತ 500 ಗುಂಪುಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ. ನೋಂದಣಿಯೇ ಇಲ್ಲದ ಗುಂಪಿಗೆ, ಒತ್ತೆ ಇಲ್ಲದೆ, ಯಾರು ಯಾವುದಕ್ಕೆ ಬಳಸ್ತಾರೆ ಅಂತ ಕೇಳದೆ ಬ್ಯಾಂಕು ಸಾಲ ಕೊಡಬಹುದು ಅಂತಾಯ್ತು. ಅವತ್ತಿನ ಬ್ಯಾಂಕ್ ಮ್ಯಾನೇಜರ್‌ಗಳ ತಲೆ ಕೆಟ್ಟಿರ್ಬೇಕು. ಒತ್ತೆ ಇಲ್ಲ, ಜಾಮೀನಿಲ್ಲ, ನೋಡೋಕೆ ಇರೋದು ಒಂದೇ, ಆ ಹೆಂಗಸರು ಬರೆದಿಟ್ಟ ಪುಸ್ತಕ.

ಈಗ ದೇಶದಲ್ಲಿ ಹೀಗೆ ಬ್ಯಾಂಕ್ ಖಾತೆ ಇರೋ ಸಂಘಗಳು ಒಂದು ಕೋಟಿಗೂ ಮೇಲೆ.

ಭಾಗ 5

ಆ ಪುಸ್ತಕ ಏನು ಕಲಿಸ್ತಿತ್ತು? ಒಂದು ಲೆಕ್ಕ ಹಾಕೋಣ, ಮೊಬೈಲ್ ಕ್ಯಾಲ್ಕುಲೇಟರ್ ತೆಗೀರಿ.

20 ಜನ, ವಾರಕ್ಕೆ 10 ರೂಪಾಯಿ. ವಾರಕ್ಕೆ 200, ವರ್ಷಕ್ಕೆ 10,400. (20ಕ್ಕಿಂತ ಜಾಸ್ತಿ ಜನ ಯಾಕಿಲ್ಲ ಅಂದ್ರೆ, 1956ರ ಕಂಪನಿ ಕಾಯ್ದೆ ಪ್ರಕಾರ ಅದಕ್ಕಿಂತ ದೊಡ್ಡ ಗುಂಪು ಲಾಭದ ವ್ಯವಹಾರ ಮಾಡೋದಾದ್ರೆ ನೋಂದಣಿ ಆಗ್ಲೇಬೇಕಿತ್ತು.)

ಈಗ ಅದರಿಂದ ಒಬ್ಬರು, ಸುಲಭಕ್ಕೆ 12,000 ಅಂತಿಟ್ಕೊಳ್ಳಿ, ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಒಂದು ವರ್ಷಕ್ಕೆ ತಗೊಂಡ್ರು. ತಿಂಗಳಿಗೆ ಅಸಲು 1,000 ವಾಪಸ್. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದ್ರೆ ಮೊದಲ ತಿಂಗಳು 240, ಎರಡನೇದು 220, ಹೀಗೇ ಇಳೀತಾ ಕೊನೇ ತಿಂಗಳು 20. ಒಟ್ಟು ಬಡ್ಡಿ 1,560. ಅದೇ "ನೂರಕ್ಕೆ ಎರಡು" ಅಂತ ಹೇಳಿ ಪ್ರತಿ ತಿಂಗಳೂ ಪೂರ್ತಿ 12,000ಕ್ಕೇ ಹಾಕಿದ್ರೆ 2,880. ಬಾಯಲ್ಲಿ ಹೇಳೋ ದರ ಒಂದೇ, ಕಟ್ಟೋದ್ರಲ್ಲಿ 1,320 ರೂಪಾಯಿ ವ್ಯತ್ಯಾಸ. ಇನ್ನು ಕೈಸಾಲದವರ ನೂರಕ್ಕೆ ಐದು ಅಂದ್ರೆ ತಿಂಗಳಿಗೆ 600, ವರ್ಷಕ್ಕೆ 7,200, ಅಸಲು 12,000 ಹಂಗೇ ಕೂತಿರುತ್ತೆ.

ನಾವು ಪಿಯುಸಿ ಕಾಮರ್ಸಲ್ಲಿ ಮಾರ್ಕ್ಸಿಗೆ ಮಾಡಿದ ಲೆಕ್ಕವನ್ನ ಸಹಿ ಹಾಕೋಕೆ ಆಗ ತಾನೆ ಕಲಿತಿದ್ದವರು ತಿಂಗಳು ತಿಂಗಳೂ ತಮ್ಮ ದುಡ್ಡಲ್ಲೇ ಮಾಡ್ತಿದ್ರು. ಸಂಘಕ್ಕೆ ಕಟ್ಟಿದ ಬಡ್ಡಿ ಎಲ್ಲೂ ಹೋಗಲ್ಲ, ಅದೇ ಪೆಟ್ಟಿಗೆಗೆ ಬೀಳುತ್ತೆ, ನಾಳೆ ಇನ್ನೊಬ್ಬರ ಆಸ್ಪತ್ರೆ ಖರ್ಚಿಗೆ ಬರುತ್ತೆ ಅನ್ನೋದನ್ನ ಕಣ್ಣಾರೆ ನೋಡ್ತಿದ್ರು.

ಬಜೆಟ್ ಅನ್ನೋ ವಿಷಯಕ್ಕೆ ಬಂದ್ರೆ, ಬ್ಯಾನರುಗಳ ಮೇಲೆ ಕಾಯಂ ಆಗಿ ಇರೋ ಗಾದೆ "ಹಾಸಿಗೆ ಇದ್ದಷ್ಟು ಕಾಲು ಚಾಚು". ನನಗೆ ಆ ಗಾದೆ ಮೇಲೆ ಸ್ವಲ್ಪ ಸಿಟ್ಟಿದೆ. ಸಂಬಳದವರಿಗೆ ಅದು ಸರಿ, ಹಾಸಿಗೆ ಪ್ರತಿ ತಿಂಗಳು ಅಷ್ಟೇ ಉದ್ದ. ಅರಸೀಕೆರೆ ಕಡೆ ಕೊಬ್ಬರಿ ಮನೆಯವರನ್ನ ನೋಡಿ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದ್ರೆ ಒಳಗೇ ಒಣಗಿ ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಆಮೇಲೆ ಒಡೆದು, ಸುಲಿದು, ಎಪಿಎಂಸಿಗೆ ಒಯ್ದ ದಿನ ಹರಾಜು ಎಷ್ಟಕ್ಕೆ ನಿಲ್ಲುತ್ತೋ ಅಷ್ಟು. 2024ಕ್ಕೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ಇತ್ತು, ಆದ್ರೆ ಖರೀದಿ ಕೇಂದ್ರದ ಬಾಗಿಲು ತೆಗೆಯೋವರೆಗೂ ಕಾಯೋ ಶಕ್ತಿ ಎಷ್ಟು ಮನೆಗಳಿಗಿರುತ್ತೆ? ಅಟ್ಟವೇ ಅವರ ಬ್ಯಾಂಕು. ಶಾಲೆ ಫೀಸು ಜೂನಲ್ಲಿ ಬಂದ್ರೆ ಆ ಬ್ಯಾಂಕನ್ನ ಅವತ್ತಿನ ರೇಟಿಗೇ ಒಡೀಬೇಕು.

ಬೇಲೂರಿನ ಮಲೆನಾಡು ಕಡೆಗೆ ಹೋದ್ರೆ ಕಾಫಿ ಹಣ್ಣು ಕುಯ್ಯೋ ತಿಂಗಳುಗಳಲ್ಲಿ ಕೂಲಿಗೆ ಬರವಿಲ್ಲ, ಜಡಿಮಳೆ ತಿಂಗಳಲ್ಲಿ ಕೈ ಖಾಲಿ. ಹಳೇಬೀಡು ಹೋಬಳಿಯ ಆಲೂಗೆಡ್ಡೆ, ಶುಂಠಿ ಹಾಕಿದವರ ಮಾತೇ ಬೇರೆ, ಬಂದ್ರೆ ಬಂಪರ್, ರೋಗ ಹತ್ತಿದ್ರೆ ಬೀಜದ ದುಡ್ಡೂ ಇಲ್ಲ. ಹಾಸಿಗೆ ವರ್ಷಕ್ಕೊಂದ್ಸಲ ಬರುತ್ತೆ, ಕಾಲು ದಿನಾ ಇರುತ್ತೆ. ಸಂಘದ ಸಾಲ ಕೆಲಸಕ್ಕೆ ಬಂದಿದ್ದು ಈ ಸಂದಿನಲ್ಲೇ. ಅಟ್ಟದ ಕೊಬ್ಬರಿ ಅಗ್ಗಕ್ಕೆ ಹೋಗದಂಗೆ ಎರಡು ತಿಂಗಳು ತಳ್ಳೋಕೆ ಐದು ಸಾವಿರ ಸಾಕಾಗ್ತಿತ್ತು. ಮತ್ತೆ ಆ ಸಾಲದ ಮಾತು ಕೇಳೋರು, ಈ ಮನೆ ಅಟ್ಟದಲ್ಲಿ ಎಷ್ಟು ಕಾಯಿದೆ ಅಂತ ಗೊತ್ತಿದ್ದವರೇ.

ಭಾಗ 6

2000-01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂತು. ಅಂಗನವಾಡಿ ಟೀಚರ್‌ಗಳು ಮನೆಮನೆಗೆ ಹೋಗಿ ಸಂಘ ಕಟ್ಟಿದ್ರು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾಗಿ ಕಾಲಕ್ರಮೇಣ ನಮ್ಮ ಜಿಲ್ಲೆಗೂ ಬಂತು. 2011ರಿಂದ ಈಚೆಗೆ ಸಂಜೀವಿನಿ. ಅದರ ತರಬೇತಿಯಲ್ಲಿ ಬರೋ ಪಂಚಸೂತ್ರ ನಿಮ್ಮಮ್ಮನಿಗೆ ಗೊತ್ತಿರುತ್ತೆ, ಕೇಳಿ ನೋಡಿ: ನಿಯಮಿತ ಸಭೆ, ನಿಯಮಿತ ಉಳಿತಾಯ, ನಿಯಮಿತ ಆಂತರಿಕ ಸಾಲ, ನಿಯಮಿತ ಮರುಪಾವತಿ, ನಿಯಮಿತ ಪುಸ್ತಕ ನಿರ್ವಹಣೆ.

ಇದೇ ಹೊತ್ತಿಗೆ ಇನ್ನೊಂದು ತರದ ಸಂಘವೂ ಬಂತು, ಊರಲ್ಲಿ "ವಾರದ ಸಂಘ" ಅಂತಾರೆ. ಖಾಸಗಿ ಮೈಕ್ರೋಫೈನಾನ್ಸ್. ಇದರ ಬೇರು ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಮಾದರೀಲಿದೆ. ನೋಡೋಕೆ ಎರಡೂ ಒಂದೇ ತರ. ಹೆಂಗಸರು ವೃತ್ತಾಕಾರ ಕೂತಿರ್ತಾರೆ, ಒಬ್ಬರಿಗೊಬ್ಬರು ಜಾಮೀನು, ಕೈಲಿ ಕಾರ್ಡು. ಆದ್ರೆ ಇಲ್ಲಿ ಮೊದಲು ಉಳಿತಾಯ ಇಲ್ಲ, ಮೊದಲೇ ಸಾಲ. ಎಷ್ಟು ಕೊಡ್ಬೇಕು ಅಂತ ತೀರ್ಮಾನ ಮಾಡೋದು ಕಂಪನಿ. ನಡಾವಳಿ ಇಲ್ಲ, ಠರಾವು ಇಲ್ಲ. ಲೆಕ್ಕ ಇರೋದು ಫೀಲ್ಡ್ ಆಫೀಸರ್ ಕೈಲಿರೋ ಟ್ಯಾಬಲ್ಲಿ. ಗುಂಪಿನ ರೂಪ ಉಳೀತು, ಪುಸ್ತಕ ಕೈ ಬದಲಾಯ್ತು.

ಸಾಲ ಸುಲಭವಾಗಿ ಸಿಕ್ಕಿದ್ದು ಎಷ್ಟೋ ಮನೆಗೆ ಸಹಾಯ ಆಗಿದೆ, ಅದನ್ನ ಅಲ್ಲಗಳೆಯಲ್ಲ. ಬ್ಯಾಂಕು ಒಳಗೆ ಬಿಟ್ಕೊಳ್ಳದವರಿಗೆ ಅವರು ಕೊಟ್ಟಿದ್ದಾರೆ. ಆದ್ರೆ ಒಂದು ಕಂಪನಿ ಸಾಲ ತೀರಿಸೋಕೆ ಇನ್ನೊಂದು, ಅದಕ್ಕೆ ಮತ್ತೊಂದು ಅಂತ ಆದಾಗ ಎಲ್ಲಾ ಸೇರಿ ಎಷ್ಟಾಯ್ತು ಅಂತ ಒಂದೇ ಕಡೆ ನೋಡೋಕೆ ಮನೇಲಿ ಪುಸ್ತಕವೇ ಇರಲ್ಲ. 2009ರ ಹೊತ್ತಿಗೆ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರಲ್ಲಿ ಜನ ಮೈಕ್ರೋಫೈನಾನ್ಸ್ ಕಂತು ಕಟ್ಟೋದನ್ನೇ ನಿಲ್ಲಿಸಿದ್ರು. ಮೈರಾಡದ ಗುಂಪುಗಳು ಬೆಳೆದಿದ್ದ ಅದೇ ಕೋಲಾರ. ಮರುವರ್ಷ ಆಂಧ್ರದಲ್ಲಿ ಆತ್ಮಹತ್ಯೆಗಳ ಸುದ್ದಿ, ಅಲ್ಲಿನ ಸರ್ಕಾರದ ಸುಗ್ರೀವಾಜ್ಞೆ. ಕೊನೆಗೆ 2025ರ ಜನವರಿಯಲ್ಲಿ ನಮ್ಮ ರಾಜ್ಯದ್ದೇ ಸುದ್ದಿ: ಕಿರುಕುಳ, ಊರು ಬಿಟ್ಟವರು, ಬೀಗ ಹಾಕಿದ ಮನೆಗಳು, ಜೀವ ಕಳ್ಕೊಂಡವರು. ಫೆಬ್ರವರಿ 12ಕ್ಕೆ ರಾಜ್ಯಪಾಲರ ಅಂಕಿತ ಬಿದ್ದು ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಅದೇ ತಿಂಗಳ 24ರಿಂದ 28, ಆರ್‌ಬಿಐನ ಆರ್ಥಿಕ ಸಾಕ್ಷರತಾ ಸಪ್ತಾಹ. ಆ ವರ್ಷದ ವಿಷಯ ಮಹಿಳೆಯರ ಸಮೃದ್ಧಿ. ಎರಡು ವಾರದ ಅಂತರ.

ಭಾಗ 7

ಈಗಿನ ಶಿಬಿರಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ, ಬೇಕು, ಆದ್ರೆ ಪಾಠ ಅರ್ಧ. ಉಳಿಸಿ, ಖರ್ಚು ಕಮ್ಮಿ ಮಾಡಿ ಅನ್ನೋದನ್ನ ಕೂಲಿಯವರಿಗೆ ಹೇಳೋ ಮೊದಲು, ಸಾಲ ಕೊಟ್ಟವರು ಪಾಲಿಸ್ಬೇಕಾದ ನಿಯಮ ಏನು ಅಂತ ಹೇಳ್ಬೇಕು. 2022ರ ಆರ್‌ಬಿಐ ನಿರ್ದೇಶನಗಳ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರೋ ಕುಟುಂಬಕ್ಕೆ ಒತ್ತೆ ಇಲ್ಲದೆ ಕೊಟ್ಟಿದ್ದು ಮೈಕ್ರೋಫೈನಾನ್ಸ್ ಸಾಲ. ಎಲ್ಲಾ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಬಡ್ಡಿ, ಶುಲ್ಕ ಎಲ್ಲ ಬರೆದಿರೋ ಒಂದು ಹಾಳೆಯನ್ನ ಸಾಲಗಾರರಿಗೆ ಕೊಡ್ಬೇಕು. ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಂಗಿಲ್ಲ. ಈ ನಾಲ್ಕು ಸಾಲನ್ನ ಸೇವ್ ಮಾಡ್ಕೊಂಡು ಮನೇಲಿ ಓದಿ ಹೇಳಿ.

ಒಳ್ಳೇ ಶಿಬಿರಗಳೂ ಇವೆ. ಸಂಜೀವಿನಿ ಒಕ್ಕೂಟಗಳಲ್ಲಿ ಎಂಬಿಕೆ ಅಂತಾರಲ್ಲ, ಪುಸ್ತಕ ಬರಹಗಾರರು, ಅವರು ಅದೇ ಪಂಚಾಯ್ತಿಯ ಹೆಣ್ಮಕ್ಕಳು. ಪಾಠ ಮಾಡೋರಿಗೆ ಕೊಬ್ಬರಿ ರೇಟೂ ಗೊತ್ತು, ಯಾರ ಮನೇಲಿ ಮದುವೆ ಇದೆ ಅಂತಾನೂ ಗೊತ್ತು.

ಇನ್ನೊಂದು ಬದಲಾವಣೆ ನಡೀತಿದೆ. 2015ರಲ್ಲಿ ನಬಾರ್ಡ್ ಇ-ಶಕ್ತಿ ಅಂತ ಸಂಘಗಳ ಲೆಕ್ಕವನ್ನ ಕಂಪ್ಯೂಟರಿಗೆ ಏರಿಸೋಕೆ ಶುರು ಮಾಡ್ತು, ಈಗ ಸಂಜೀವಿನಿ ಸಂಘಗಳದ್ದು ಲೋಕೋಸ್ ಅನ್ನೋ ಆಪಿಗೆ ಹೋಗ್ತಿದೆ. ಬ್ಯಾಂಕಿಗೆ ಬೇಗ ಸಾಲ ಕೊಡೋಕೆ ಅನುಕೂಲ, ತಪ್ಪು ಕಮ್ಮಿ. ಆದ್ರೆ ಸಭೇಲಿ ಕೂತ ಹನ್ನೆರಡು ಜನ ಒಟ್ಟಿಗೆ ಬಗ್ಗಿ ನೋಡ್ತಿದ್ದ ಪುಟದ ಬದಲು ಒಬ್ಬರ ಕೈಲಿ ಒಂದು ಸ್ಕ್ರೀನು. ಎಂಟ್ರಿ ಆದ ಮೇಲೆ ಗಟ್ಟಿಯಾಗಿ ಓದಿ ಹೇಳೋ ಪದ್ಧತಿ ಉಳಿಸ್ಕೊಂಡಿರೋ ಸಂಘಗಳು ಪುಣ್ಯವಂತರು.

ಹಳೇ ಪುಸ್ತಕಗಳು? ಅವು ರದ್ದಿಗೆ ಹೋಗ್ತಿವೆ. ಹಳೇಬೀಡಿನ ಕಲ್ಲಿಗೆ ಬೇಲಿ ಇದೆ, ಕಾವಲುಗಾರ ಇದ್ದಾನೆ. 2001ರ ನಡಾವಳಿ ಪುಸ್ತಕಕ್ಕೆ ಇಲಿ, ಗೆದ್ದಲು. ಒಂದು ಹಳ್ಳೀಲಿ ಬರಗಾಲದ ವರ್ಷ ಯಾರು ಎಷ್ಟು ಸಾಲ ಕೇಳಿದ್ರು, ಯಾವುದಕ್ಕೆ, ಯಾರು ಮೊದಲ ಸಲ ಹೆಬ್ಬೆಟ್ಟಿನ ಬದಲು ಸಹಿ ಹಾಕಿದ್ರು, ಇದೆಲ್ಲ ಇರೋದು ಅಲ್ಲಿ ಮಾತ್ರ.

ನಿಮ್ಮನೇಲಿ ಅಥವಾ ಪಕ್ಕದ ಮನೇಲಿ ಅಂಥದ್ದೊಂದು ಇದ್ರೆ, ಸಂಘದವರ ಒಪ್ಪಿಗೆ ಕೇಳಿ, ಹೆಸರು, ಖಾತೆ ನಂಬರ್ ಮುಚ್ಚಿ, ಫೋಟೋ ತೆಗೆದಿಡಿ. ಎಷ್ಟನೇ ಇಸವಿ, ವಾರಕ್ಕೆ ಎಷ್ಟು ಕಟ್ತಿದ್ರು, ಮೊದಲ ಸಾಲ ಯಾವುದಕ್ಕೆ ಕೊಟ್ರು, ಈ ಮೂರು ಕೇಳಿ ಬರ್ಕೊಳ್ಳಿ. ಅರಸೀಕೆರೆ ಕಡೆಯದು ಮೂರು ಈಗಾಗ್ಲೇ ಬಂದಿವೆ. ಬೇಲೂರು, ಹಳೇಬೀಡು ಕಡೆಯವರು ಮೆಸೇಜ್ ಮಾಡಿ.

#ಅರಸೀಕೆರೆ #ಬೇಲೂರು #ಹಳೇಬೀಡು #ಸಂಘದಪುಸ್ತಕ #ನಮ್ಮೂರಚರಿತ್ರೆ